ಮ್ಯಾಗ್‌ಪೈ ಹಿಡಿಯಲು ಮ್ಯಾಗ್‌ಪೈ: ಲಾರ್ಸೆನ್ ಬೋನು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಪ್ರತಿ ವಸಂತದಲ್ಲೂ ಒಂದು ವಿಚಿತ್ರ ಬೇಟೆ ನಡೆಯುತ್ತದೆ. ಬಂದೂಕು ಇಲ್ಲ, ವಿಷ ಇಲ್ಲ, ಕಾಳು ಎರಚಿ ಬಲೆ ಹಾಸುವುದೂ ಇಲ್ಲ. ಹೊಲದ ಬೇಲಿಯ ಪಕ್ಕ ಒಂದು ಪಂಜರ ಇಟ್ಟು, ಅದರ ಒಂದು ಖಾನೆಯಲ್ಲಿ ಜೀವಂತ ಮ್ಯಾಗ್‌ಪೈ ಹಕ್ಕಿಯನ್ನು ಬಿಟ್ಟು ಹೋಗುತ್ತಾರೆ. ಎಷ್ಟೋ ಸಲ ಅದೇ ದಿನ ಆ ಜಾಗದ ಮ್ಯಾಗ್‌ಪೈ ತಾನಾಗಿಯೇ ಬಂದು ಪಕ್ಕದ ಖಾನೆಯಲ್ಲಿ ಸಿಕ್ಕಿಬೀಳುತ್ತದೆ. ಮಾರನೇ ದಿನ ಅದರ ಜೋಡಿಯೂ ಬೀಳಬಹುದು.

ಈ ಬೋನಿನ ಹೆಸರು ಲಾರ್ಸೆನ್ ಟ್ರ್ಯಾಪ್. ಇದರ ಬಗ್ಗೆ ಅಲ್ಲಿ ದಶಕಗಳಿಂದ ಜಗಳ ನಡೆಯುತ್ತಲೇ ಇದೆ. ಒಂದು ಕಡೆಯವರು ಇದಿಲ್ಲದೆ ಚಿಕ್ಕ ಹಕ್ಕಿಗಳು ಉಳಿಯುವುದಿಲ್ಲ ಅನ್ನುತ್ತಾರೆ. ಇನ್ನೊಂದು ಕಡೆಯವರು ಇದು ಶುದ್ಧ ಹಿಂಸೆ ಅನ್ನುತ್ತಾರೆ. ಈ ಗಲಾಟೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ ಅಂತ ನನಗೆ ಅನಿಸುತ್ತದೆ. ಬೋನು ಹಕ್ಕಿಯನ್ನು ಚೆನ್ನಾಗಿ ಹಿಡಿಯುತ್ತದಾ ಅನ್ನುವುದು ಒಂದು. ಹಿಡಿದದ್ದರಿಂದ ಬೇರೆ ಹಕ್ಕಿಗಳಿಗೆ ಉಪಕಾರ ಆಗುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಹೌದು, ತುಂಬಾ ಚೆನ್ನಾಗಿ ಹಿಡಿಯುತ್ತದೆ. ಎರಡನೆಯದಕ್ಕೆ ಉತ್ತರ ಬೇಕಿದ್ದರೆ ಮೊದಲು ಹಕ್ಕಿಯನ್ನು ಅರ್ಥ ಮಾಡಿಕೊಳ್ಳಬೇಕು.

ಮ್ಯಾಗ್‌ಪೈ ಕಾಗೆಯ ಬಳಗದ್ದು. ಕಪ್ಪು ಬಿಳುಪು ಮೈ, ಬಿಸಿಲಿಗೆ ನೀಲಿ ಹಸಿರು ಹೊಳೆಯುವ ರೆಕ್ಕೆ, ಮೈಯಷ್ಟೇ ಉದ್ದದ ಬಾಲ. ನಮ್ಮ ತೋಟಗಳಲ್ಲಿ ಹಾಡುವ ಮಡಿವಾಳ ಹಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕರ್ನಾಟಕದಲ್ಲಿ ಇದರ ನೆಂಟ ಅಂದರೆ ಉದ್ದ ಬಾಲದ ಮಟಪಕ್ಷಿ. ಲಡಾಖ್‌ಗೆ ಹೋಗಿ ಬಂದವರು ಲೇಹ್ ಸುತ್ತಮುತ್ತ ಮ್ಯಾಗ್‌ಪೈಯನ್ನೇ ನೋಡಿರುತ್ತಾರೆ. ಬ್ರಿಟನ್‌ನಲ್ಲಂತೂ ಊರು, ಪಾರ್ಕು, ಹಿತ್ತಲು ಎಲ್ಲಾ ಕಡೆ ಇದೆ, ಸುಮಾರು 6 ಲಕ್ಷ ಜೋಡಿಗಳು. ಒಂಟಿ ಮ್ಯಾಗ್‌ಪೈ ಕಂಡರೆ ಅಪಶಕುನ ಅಂತ ಅದಕ್ಕೊಂದು ಸಲಾಂ ಹೊಡೆಯುವವರು ಅಲ್ಲಿ ಈಗಲೂ ಇದ್ದಾರೆ.

ಅದು ಹುಳ ಹುಪ್ಪಟೆ, ಕಾಳು, ಹಣ್ಣು, ರಸ್ತೆಯಲ್ಲಿ ಸತ್ತ ಪ್ರಾಣಿ, ಎಲ್ಲವನ್ನೂ ತಿನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೇರೆ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ವರ್ಷದ ಒಟ್ಟು ಆಹಾರದಲ್ಲಿ ಇದು ಸಣ್ಣ ಪಾಲು. ಆದರೆ ಜನರ ಕಣ್ಣಿಗೆ ಬೀಳುವುದು ಇದೇ. ಕಿಟಕಿಯಾಚೆ ಬೇಲಿಯಲ್ಲಿ ಗೂಡು ಕಟ್ಟಿದ್ದ ಬ್ಲ್ಯಾಕ್‌ಬರ್ಡ್ ಎಂಬ ಹಾಡುಹಕ್ಕಿಯ ಮರಿಗಳನ್ನು ಮ್ಯಾಗ್‌ಪೈ ಒಂದೊಂದಾಗಿ ಎತ್ತಿಕೊಂಡು ಹೋಗುವುದನ್ನು, ತಾಯಿ ಹಕ್ಕಿ ಅರಚಿಕೊಳ್ಳುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆ ಸಿಟ್ಟು ಸಹಜವೇ.

ಈಗ ಬೋನಿಗೆ ಬರೋಣ. ಇದರ ಹುಟ್ಟು 1950ರ ದಶಕದ ಡೆನ್ಮಾರ್ಕ್‌ನಲ್ಲಿ. ಬ್ರಿಟನ್‌ನಲ್ಲಿ ಬಳಕೆ ಹೆಚ್ಚಾಗಿದ್ದು 1980ರ ದಶಕದ ಕೊನೆಗೆ. ಬೇಟೆಯಾಡುವ ಎಸ್ಟೇಟುಗಳಿಗೆ ಸಲಹೆ ಕೊಡುತ್ತಿದ್ದ ಗೇಮ್ ಕನ್ಸರ್ವೆನ್ಸಿ ಟ್ರಸ್ಟ್ ಅನ್ನುವ ಸಂಸ್ಥೆ ಇದನ್ನು ಅಲ್ಲಿ ಪ್ರಚಾರಕ್ಕೆ ತಂದಿತು. ಅದಕ್ಕೂ ಮೊದಲಿನ ಕತೆ ಹಳೆಯದು. 19ನೇ ಶತಮಾನದಲ್ಲಿ ದೊಡ್ಡ ಎಸ್ಟೇಟುಗಳಲ್ಲಿ ಮಾಲೀಕರು ಬೇಟೆಯಾಡುವ ಹಕ್ಕಿಗಳನ್ನು ಬೇರೆ ಪ್ರಾಣಿಪಕ್ಷಿಗಳಿಂದ ಕಾಯಲು ಗೇಮ್‌ಕೀಪರ್‌ಗಳಿದ್ದರು. ಮ್ಯಾಗ್‌ಪೈ ಕಂಡಲ್ಲಿ ಕೊಲ್ಲುತ್ತಿದ್ದರು, ಸಂಖ್ಯೆ ತೀರಾ ಇಳಿದಿತ್ತು. ಮೊದಲ ಮಹಾಯುದ್ಧಕ್ಕೆ ಈ ಕೀಪರ್‌ಗಳು ಹೋದ ಮೇಲೆ ಹಕ್ಕಿ ಮತ್ತೆ ಚೇತರಿಸಿಕೊಂಡಿತು. 1970ರಿಂದ 1990ರ ನಡುವೆ ಸುಮಾರು ಮೂರು ಪಟ್ಟಾಗಿ, ಆಮೇಲೆ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ.

ಬೋನಿನ ರಚನೆ ಸರಳ. ಮರದ ಚೌಕಟ್ಟು, ಸುತ್ತ ತಂತಿ ಜಾಲರಿ, ಒಬ್ಬರೇ ಎತ್ತಿಕೊಂಡು ಹೋಗುವಷ್ಟು ಗಾತ್ರ. ಒಳಗೆ ಎರಡು ಅಥವಾ ಮೂರು ಖಾನೆ. ಒಂದರಲ್ಲಿ ಆಮಿಷದ ಹಕ್ಕಿ. ಉಳಿದವು ಹಿಡಿಯುವ ಖಾನೆಗಳು. ಅವುಗಳ ಬಾಗಿಲು ಮೇಲ್ಭಾಗದಲ್ಲಿ ಅಥವಾ ಪಕ್ಕದಲ್ಲಿ ಇರುತ್ತದೆ, ಸ್ಪ್ರಿಂಗ್ ಹಾಕಿರುತ್ತದೆ. ಬಾಗಿಲು ಮುಚ್ಚದಂತೆ ತಡೆದು ಹಿಡಿದಿರುವುದು ಒಂದು ಅಡ್ಡಕಡ್ಡಿ. ಗುಟ್ಟು ಇರುವುದು ಆ ಕಡ್ಡಿಯಲ್ಲೇ. ಅದು ಒಂದೇ ಕಡ್ಡಿಯಲ್ಲ, ನಡುವೆ ತುಂಡು ಮಾಡಿ ತುದಿಗೆ ತುದಿ ಕೂಡಿಸಿಟ್ಟ ಎರಡು ಕಡ್ಡಿ. ಸ್ಪ್ರಿಂಗಿನ ಒತ್ತಡಕ್ಕೆ ಎರಡೂ ನೆಟ್ಟಗೆ ನಿಂತಿರುತ್ತವೆ. ಮ್ಯಾಗ್‌ಪೈ ಬಂದು ಅದರ ಮೇಲೆ ಕೂರುತ್ತದೆ. ಭಾರಕ್ಕೆ ಕಡ್ಡಿ ನಡುವೆ ಕಳಚುತ್ತದೆ, ಹಕ್ಕಿ ಒಳಗೆ ಬೀಳುತ್ತದೆ, ಮೇಲೆ ಬಾಗಿಲು ಪಟ್ಟಂತ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹಕ್ಕಿಗೆ ಗಾಯ ಆಗುವುದಿಲ್ಲ. ತಪ್ಪಾಗಿ ಬೇರೆ ಹಕ್ಕಿ ಬಿದ್ದರೆ ಬಾಗಿಲು ತೆಗೆದು ಬಿಟ್ಟುಬಿಡಬಹುದು. ಉರುಳು, ವಿಷಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ, ಇದನ್ನು ಒಪ್ಪಲೇಬೇಕು.

ಆದರೆ ಮ್ಯಾಗ್‌ಪೈ ಯಾಕೆ ಬರುತ್ತದೆ? ಹಸಿವಿಗಲ್ಲ. ಗೆಳೆತನಕ್ಕೂ ಅಲ್ಲ. ಜಗಳಕ್ಕೆ ಬರುತ್ತದೆ.

ಗೂಡು ಕಟ್ಟುವ ಕಾಲದಲ್ಲಿ ಪ್ರತಿ ಮ್ಯಾಗ್‌ಪೈ ಜೋಡಿಗೂ ತನ್ನದೇ ಜಾಗ ಇರುತ್ತದೆ, ಸುಮಾರು 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆಯಷ್ಟು. ಮುಳ್ಳುಕಡ್ಡಿಗಳ ಛಾವಣಿ ಇರುವ ದೊಡ್ಡ ಗೂಡು ಕಟ್ಟುತ್ತವೆ, ಒಳಗೆ ಮಣ್ಣು ಮೆತ್ತುತ್ತವೆ. ವರ್ಷಕ್ಕೆ ಒಂದೇ ಸಲ ಮರಿ ಮಾಡುತ್ತವೆ. ಆ ಜಾಗದೊಳಗೆ ಬೇರೆ ಮ್ಯಾಗ್‌ಪೈ ಕಾಲಿಟ್ಟರೆ ಗಂಡು ಹೆಣ್ಣು ಎರಡೂ ಮೈಮೇಲೆ ಬಿದ್ದು ಓಡಿಸುತ್ತವೆ. ಬೋನಿನೊಳಗಿನ ಹಕ್ಕಿ ಅವುಗಳ ಕಣ್ಣಿಗೆ ಜಾಗ ಕಬಳಿಸಲು ಬಂದ ಪರಕೀಯ. ಬೈದರೂ ಓಡುವುದಿಲ್ಲ, ಹೆದರಿಸಿದರೂ ಅಲ್ಲೇ ಇದೆ! ಸಿಟ್ಟಿಗೆದ್ದ ಹಕ್ಕಿ ಬೋನಿನ ಮೇಲೆ ಹಾರಿ, ಸುತ್ತ ನಡೆದು, ಒಳಗೆ ನುಗ್ಗಲು ದಾರಿ ಹುಡುಕುತ್ತದೆ. ಸಿಗುವ ದಾರಿ ಆ ತೆರೆದ ಬಾಗಿಲೊಂದೇ.

ಅದಕ್ಕೇ ಅನುಭವಸ್ಥ ಕೀಪರ್ ಬೋನನ್ನು ಸುಮ್ನೆ ಎಲ್ಲೋ ಇಡುವುದಿಲ್ಲ. ಗೂಡು ಇರುವ ಮರ ಎಲ್ಲಿದೆ ಅಂತ ಮೊದಲು ನೋಡಿಕೊಂಡು, ಅಲ್ಲಿಂದ ಕಾಣುವ ಬಯಲಿನಲ್ಲಿ ಇಡುತ್ತಾನೆ. ಆಮಿಷದ ಹಕ್ಕಿಯನ್ನು ದೂರದ ಊರಿನಿಂದ ತಂದರೆ ಒಳ್ಳೆಯದು ಅನ್ನುತ್ತಾರೆ. ಮೊದಲ ಹಕ್ಕಿ ಸಿಗುವುದೇ ಕಷ್ಟ. ಕೋಳಿಮೊಟ್ಟೆಯನ್ನೋ ಬ್ರೆಡ್ಡನ್ನೋ ಆಮಿಷವಾಗಿಟ್ಟು ಹಿಡಿಯಬೇಕು, ಇಲ್ಲವೇ ಪಕ್ಕದ ಎಸ್ಟೇಟಿನ ಕೀಪರ್ ಹತ್ತಿರ ಎರವಲು ತರಬೇಕು. ಒಂದು ಜೋಡಿ ಮುಗಿದ ಮೇಲೆ ಬೋನನ್ನು ಮುಂದಿನ ಜೋಡಿಯ ಜಾಗಕ್ಕೆ ಒಯ್ಯುತ್ತಾನೆ.

ನಮ್ಮ ಬಯಲುಸೀಮೆಯವರಿಗೆ ಈ ಉಪಾಯ ಹೊಸದೇನಲ್ಲ. ಸಾಕಿದ ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಬರುವ ಕಾಡು ಗೌಜಲವನ್ನು ಉರುಳಿಗೆ ಬೀಳಿಸುವುದು ಹಳೆಯ ಬೇಟೆ. ಅಲ್ಲೂ ಕೆಲಸ ಮಾಡುವುದು ಜಾಗದ ಮೇಲಿನ ಅದೇ ಹಟ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಈಗ ಅಪರಾಧ.

ಕಾಗೆ ಬಳಗಕ್ಕೆ ಇನ್ನೊಂದು ಬಗೆಯ ಬೋನೂ ಇದೆ, ಲ್ಯಾಡರ್ ಟ್ರ್ಯಾಪ್. ಕೋಣೆಯಷ್ಟು ದೊಡ್ಡದು, ಮೇಲೆ ಏಣಿಯಂಥ ಕಂಡಿ. ಅದು ಗುಂಪಾಗಿ ಮೇಯುವ ಹಕ್ಕಿಗಳ ಹಸಿವನ್ನು ನಂಬಿದೆ. ಲಾರ್ಸೆನ್ ನಂಬಿರುವುದು ಜೋಡಿಯ ಸಿಟ್ಟನ್ನು. ಆ ಸಿಟ್ಟು ವಸಂತದಲ್ಲಿ ಮಾತ್ರ ಜೋರಾಗಿರುವುದರಿಂದ ಬೋನಿನ ಶಕ್ತಿಯೂ ಮಾರ್ಚ್‌ನಿಂದ ಜುಲೈವರೆಗೆ ಮಾತ್ರ.

ಬೋನಿನ ಮಿತಿ ಶುರುವಾಗುವುದೂ ಇಲ್ಲಿಂದಲೇ. ಜಾಗ ಸಿಕ್ಕಿದ ಜೋಡಿಗಳಷ್ಟೇ ಮ್ಯಾಗ್‌ಪೈಗಳಲ್ಲ. ಎರಡು ವರ್ಷ ತುಂಬುವವರೆಗೆ ಹೆಚ್ಚಿನ ಹಕ್ಕಿಗಳು ಮರಿ ಮಾಡುವುದಿಲ್ಲ. ಜಾಗ ಸಿಗದ ಇಂಥ ಹರೆಯದ ಹಕ್ಕಿಗಳು ಗುಂಪುಗುಂಪಾಗಿ ಅಲೆಯುತ್ತಾ ಖಾಲಿ ಜಾಗಕ್ಕಾಗಿ ಕಾಯುತ್ತಿರುತ್ತವೆ. ಬೋನಿನಲ್ಲಿ ಒಂದು ಜೋಡಿ ಹೋಯಿತು ಅಂದರೆ ಅಲ್ಲೊಂದು ಜಾಗ ಖಾಲಿಯಾಯಿತು. ಮನೆ ಖಾಲಿಯಾದ ಸುದ್ದಿ ಬೆಂಗಳೂರಿನಲ್ಲಿ ಬಾಡಿಗೆ ಹುಡುಕುವವರಿಗೆ ಮುಟ್ಟಿದಂತೆ ಇವುಗಳಿಗೂ ಮುಟ್ಟುತ್ತದೆ. ಹೊಸ ಜೋಡಿ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಇಲ್ಲೊಂದು ಅಲ್ಲೊಂದು ಬೋನು ಇಟ್ಟು ದೇಶದ ಮ್ಯಾಗ್‌ಪೈ ಸಂಖ್ಯೆ ಕಡಿಮೆ ಮಾಡುತ್ತೇವೆ ಅನ್ನುವುದು ಆಗದ ಮಾತು. ಆಗುವುದೇನೆಂದರೆ, ಒಂದು ಗೊತ್ತಾದ ಜಾಗದಲ್ಲಿ, ಕೆಲವು ವಾರ, ಮೊಟ್ಟೆ ಮರಿಗಳ ಕಾಲದಲ್ಲಿ, ಮ್ಯಾಗ್‌ಪೈ ಕಾಟ ತಗ್ಗಿಸಬಹುದು. ಅಷ್ಟೇ.

ಆ ಕೆಲವು ವಾರಗಳಿಂದ ಯಾರಿಗೆ ಲಾಭ ಅನ್ನುವುದನ್ನು ಬ್ರಿಟನ್‌ನ ವಿಜ್ಞಾನಿಗಳು ಚೆನ್ನಾಗಿಯೇ ಹುಡುಕಿದ್ದಾರೆ. ಹಿತ್ತಲಿನ ಹಾಡುಹಕ್ಕಿಗಳ ವಿಷಯ ಮೊದಲು. ಮ್ಯಾಗ್‌ಪೈ ಹೆಚ್ಚಿದ ವರ್ಷಗಳಲ್ಲೇ ಹಲವು ಹಾಡುಹಕ್ಕಿಗಳು ಕಡಿಮೆಯಾದವು, ಹಾಗಾಗಿ ಮ್ಯಾಗ್‌ಪೈಯೇ ಕಾರಣ ಅಂತ ಜನ ನಂಬಿದರು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದಾದ್ಯಂತ ಸೇರಿಸಿದ ಗೂಡು ಮತ್ತು ಗಣತಿಯ ದಾಖಲೆಗಳನ್ನು ಜಾಲಾಡಿತು. ಮ್ಯಾಗ್‌ಪೈ ಜಾಸ್ತಿಯಾದ ಕಡೆ ಹಾಡುಹಕ್ಕಿಗಳು ಹೆಚ್ಚು ವೇಗವಾಗಿ ಕುಸಿದದ್ದಕ್ಕೆ ಪುರಾವೆ ಸಿಗಲಿಲ್ಲ. ಆಮೇಲೆ 1998 ಮತ್ತು 2010ರಲ್ಲಿ ಇನ್ನೂ ದೊಡ್ಡ ದಾಖಲೆ ಇಟ್ಟುಕೊಂಡು ನೋಡಿದವರಿಗೂ ಹೆಚ್ಚಿನ ಜಾತಿಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. 2015ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಯ ಫಲಿತಾಂಶ ಇದು: ಶೇ. 81ರಷ್ಟು ಪ್ರಕರಣಗಳಲ್ಲಿ ಕಾಗೆ ಬಳಗದಿಂದ ಬೇರೆ ಹಕ್ಕಿಗಳಿಗೆ ಎದ್ದು ಕಾಣುವ ಹಾನಿ ಇಲ್ಲ.

ಕಣ್ಣೆದುರೇ ಮರಿಗಳನ್ನು ತಿನ್ನುತ್ತಿದ್ದರೂ ಹಾನಿ ಇಲ್ಲ ಅಂದರೆ ಹೇಗೆ? ಇಲ್ಲೇ ಹೆಚ್ಚಿನವರು ಎಡವುವುದು. ಬ್ಲ್ಯಾಕ್‌ಬರ್ಡ್ ಒಂದು ಸಲಕ್ಕೆ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ, ಒಂದೇ ವಸಂತದಲ್ಲಿ ಎರಡು ಮೂರು ಸಲ ಇಡುತ್ತದೆ. ಗೂಡು ಲೂಟಿಯಾದರೆ ಇನ್ನೊಂದು ಕಟ್ಟುತ್ತದೆ. ಹುಟ್ಟಿದ ಮರಿಗಳೆಲ್ಲ ಉಳಿದರೆ ಕೆಲವೇ ವರ್ಷಗಳಲ್ಲಿ ಹಿತ್ತಲು ತುಂಬಿ ತುಳುಕಬೇಕಿತ್ತು ಅಲ್ವಾ? ಹಾಗಾಗುವುದಿಲ್ಲ. ಹೆಚ್ಚಿನ ಮರಿಗಳು ಹೇಗೂ ಮುಂದಿನ ವಸಂತ ನೋಡುವುದಿಲ್ಲ. ಚಳಿಗಾಲದಲ್ಲಿ ತಿನ್ನಲು ಎಷ್ಟಿದೆಯೋ ಅಷ್ಟು ಹಕ್ಕಿಗಳು ಉಳಿಯುತ್ತವೆ, ಉಳಿದವು ಸಾಯುತ್ತವೆ. ಮೇ ತಿಂಗಳಲ್ಲಿ ಮ್ಯಾಗ್‌ಪೈ ತಿಂದ ಮರಿ, ಜನವರಿಯಲ್ಲಿ ಹಸಿವಿನಿಂದ ಸಾಯಬಹುದಾಗಿದ್ದ ಮರಿಯೇ ಆಗಿರುವ ಸಾಧ್ಯತೆ ಜಾಸ್ತಿ. ಆ ಒಂದು ಗೂಡಿನ ಲೆಕ್ಕದಲ್ಲಿ ಅದು ಸರ್ವನಾಶ. ಜಾತಿಯ ಲೆಕ್ಕದಲ್ಲಿ ಏನೂ ಬದಲಾಗಿರುವುದಿಲ್ಲ. ಹೊಲದ ಹಾಡುಹಕ್ಕಿಗಳು ನಿಜವಾಗಿ ಕುಸಿದದ್ದು ಬೇಲಿ ಸಾಲುಗಳನ್ನು ಕಿತ್ತದ್ದರಿಂದ, ಕಳೆನಾಶಕ ಕೀಟನಾಶಕಗಳಿಂದ, ಚಳಿಗಾಲದಲ್ಲಿ ಕೂಳೆ ಹೊಲಗಳೇ ಇಲ್ಲದಂತೆ ಬಿತ್ತನೆಯ ಪದ್ಧತಿ ಬದಲಾದದ್ದರಿಂದ.

ಆದರೆ ಇದೇ ವಾದವನ್ನು ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಹಚ್ಚಿದರೆ ತಪ್ಪಾಗುತ್ತದೆ. ಗ್ರೇ ಪಾರ್ಟ್ರಿಜ್ ಅನ್ನುವ ಹಕ್ಕಿ ನಮ್ಮ ಗೌಜಲದ ದೂರದ ನೆಂಟ. 1960ರ ದಶಕದಿಂದ ಈಚೆಗೆ ಬ್ರಿಟನ್‌ನಲ್ಲಿ ಶೇ. 90ಕ್ಕಿಂತ ಜಾಸ್ತಿ ಕಡಿಮೆಯಾಗಿದೆ. ಮುಖ್ಯ ಕಾರಣ ಕಳೆನಾಶಕ: ಕಳೆ ಹೋಯಿತು, ಕಳೆಯ ಮೇಲಿನ ಹುಳ ಹೋಯಿತು, ಹುಳ ತಿಂದು ಬೆಳೆಯಬೇಕಾದ ಮರಿ ಹಸಿದು ಸತ್ತಿತು. ಗೂಡಿಗೆ ಬೇಕಾದ ಹುಲ್ಲಿನ ಅಂಚುಗಳೂ ಹೋದವು. ಅಷ್ಟು ಕಡಿಮೆಯಾದ ಮೇಲೆ, ಕಾವು ಕೂತ ತಾಯಿಯನ್ನು ನರಿ ಹಿಡಿದರೆ, ಮೊಟ್ಟೆಯನ್ನು ಕಾಗೆ ಕದ್ದರೆ, ಅದನ್ನು ತುಂಬಿಕೊಳ್ಳುವ ಶಕ್ತಿ ಆ ಹಕ್ಕಿಗೆ ಉಳಿದಿಲ್ಲ.

ಗೇಮ್ ಕನ್ಸರ್ವೆನ್ಸಿಯವರು 1980ರ ದಶಕದಲ್ಲಿ ಇದನ್ನು ಸಾಲ್ಸ್‌ಬರಿ ಪ್ಲೇನ್ ಎಂಬ ಬಯಲಿನಲ್ಲಿ ಪರೀಕ್ಷಿಸಿದರು. ಎರಡು ಜಾಗ ಆರಿಸಿ, ಒಂದರಲ್ಲಿ ಮೂರು ವರ್ಷ ವಸಂತದಲ್ಲಿ ನರಿ, ಕಾಗೆ, ಮ್ಯಾಗ್‌ಪೈ ಮುಂತಾದವನ್ನು ತೆಗೆದರು, ಇನ್ನೊಂದರಲ್ಲಿ ಬಿಟ್ಟರು. ಆಮೇಲೆ ಎರಡನ್ನೂ ಅದಲು ಬದಲು ಮಾಡಿದರು. ಪರಭಕ್ಷಕಗಳನ್ನು ತೆಗೆದಲ್ಲಿ ಮರಿ ಮಾಡುವ ಪಾರ್ಟ್ರಿಜ್‌ಗಳ ಸಂಖ್ಯೆ ಮೂರು ವರ್ಷದಲ್ಲಿ 2.6 ಪಟ್ಟಾಯಿತು. ಜಾಗ ಅದಲು ಬದಲು ಮಾಡಿದ್ದರಿಂದ, ಆ ಮಣ್ಣು ಚೆನ್ನಾಗಿತ್ತು ಅಷ್ಟೇ ಅಂತ ತಳ್ಳಿಹಾಕಲು ಆಗುವುದಿಲ್ಲ. ನನಗೆ ಇದು ತುಂಬಾ ಗಟ್ಟಿಯಾದ ಪ್ರಯೋಗ ಅನಿಸುತ್ತದೆ. ಆದರೆ ಗಮನಿಸಿ, ಅಲ್ಲಿ ತೆಗೆದದ್ದು ಮ್ಯಾಗ್‌ಪೈ ಒಂದನ್ನೇ ಅಲ್ಲ. ನರಿಯನ್ನು ಬಿಟ್ಟು ಬರೀ ಮ್ಯಾಗ್‌ಪೈ ಹಿಡಿದರೆ ಇದೇ ಫಲ ಬರುತ್ತದೆ ಅಂತ ಈ ಪ್ರಯೋಗ ಹೇಳುವುದಿಲ್ಲ. ಎಸ್ಟೇಟಿನ ಕೀಪರ್ ವರ್ಷವಿಡೀ ಮಾಡುವ ಕೆಲಸಕ್ಕೂ, ಹಿತ್ತಲಲ್ಲಿ ಸಿಟ್ಟಿಗೆ ಒಂದು ಬೋನು ಕೊಂಡು ಇಡುವವರ ಕೆಲಸಕ್ಕೂ ಇರುವ ವ್ಯತ್ಯಾಸ ಇದು.

ಇನ್ನು ಬೋನಿನೊಳಗಿನ ಹಕ್ಕಿಯ ಪಾಡು. ಇದರ ಬಗ್ಗೆ ಮಾತು ಕಡಿಮೆ, ನನಗಂತೂ ಹೆಚ್ಚು ಕಾಡುವುದು ಇದೇ. ಹೊಸದಾಗಿ ಸಿಕ್ಕ ಹಕ್ಕಿಯನ್ನು ಬೇಗ ಕೊಂದುಬಿಡುತ್ತಾರೆ. ಆಮಿಷದ ಹಕ್ಕಿ ವಾರಗಟ್ಟಲೆ ಅಲ್ಲೇ ಇರುತ್ತದೆ. ಪರರ ಜಾಗದ ನಟ್ಟನಡುವೆ, ಓಡಲು ದಾರಿಯಿಲ್ಲದೆ, ಮೈಮೇಲೆ ಬೀಳಲು ಹವಣಿಸುವ ಜೋಡಿಯ ಎದುರು ಇರುತ್ತದೆ. ತಂತಿ ಅದರ ಮೈಯನ್ನು ಕಾಪಾಡಬಹುದು, ಭಯವನ್ನು ತಡೆಯುವುದಿಲ್ಲ. ಮ್ಯಾಗ್‌ಪೈ ದಡ್ಡ ಹಕ್ಕಿಯೂ ಅಲ್ಲ. 2008ರಲ್ಲಿ ಜರ್ಮನಿಯ ಸಂಶೋಧಕರು ಕೆಲವು ಮ್ಯಾಗ್‌ಪೈಗಳ ಕೊರಳಿನ ಕೆಳಗೆ ಬಣ್ಣದ ಚುಕ್ಕಿ ಅಂಟಿಸಿ ಕನ್ನಡಿ ಎದುರು ಬಿಟ್ಟರು. ಕನ್ನಡಿ ಇಲ್ಲದೆ ಆ ಚುಕ್ಕಿ ಅವುಗಳಿಗೆ ಕಾಣುವಂತಿರಲಿಲ್ಲ. ಅವುಗಳಲ್ಲಿ ಕೆಲವು ಕನ್ನಡಿ ನೋಡಿ, ತಮ್ಮ ಮೈಮೇಲಿನ ಚುಕ್ಕಿಯನ್ನೇ ಕಾಲಿನಿಂದ ಕೆರೆದು ತೆಗೆಯಲು ನೋಡಿದವು.

ಕಾನೂನು ಈ ಹಕ್ಕಿಯನ್ನು ಪೂರ್ತಿ ಮರೆತಿಲ್ಲ. ಆಮಿಷದ ಹಕ್ಕಿಗೆ ಯಾವಾಗಲೂ ಆಹಾರ, ಶುದ್ಧ ನೀರು, ಮಳೆ ಗಾಳಿಗೆ ಆಸರೆ, ಕೂರಲು ಕಡ್ಡಿ ಇರಬೇಕು. ಕಟ್ಟಿಹಾಕಿದ, ಕಣ್ಣು ಕಿತ್ತ, ಊನ ಮಾಡಿದ ಹಕ್ಕಿಯನ್ನು ಆಮಿಷ ಮಾಡುವುದು 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಆಕ್ಟ್ ಪ್ರಕಾರ ಅಪರಾಧ. ಬೋನನ್ನು ದಿನಕ್ಕೆ ಒಂದು ಸಲವಾದರೂ ಹೋಗಿ ನೋಡಲೇಬೇಕು. ಬೇರೆ ಹಕ್ಕಿ ಬಿದ್ದಿದ್ದರೆ ತಕ್ಷಣ ಬಿಡಬೇಕು, ಹಿಡಿದದ್ದನ್ನು ನೋವಾಗದಂತೆ ಬೇಗ ಕೊಲ್ಲಬೇಕು. ಬಳಸದೆ ಇರುವಾಗ ಬೋನು ಯಾವ ಹಕ್ಕಿಯನ್ನೂ ಹಿಡಿಯದಂತೆ ಮಾಡಿಡಬೇಕು.

ಅದೇ ಕಾಯ್ದೆ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆ ಕೊಡುತ್ತದೆ, ಮ್ಯಾಗ್‌ಪೈಗೂ ಕೂಡ. ಹಾಗಾದರೆ ಕೊಲ್ಲುವುದು ಹೇಗೆ? ಅದಕ್ಕೆ ಜನರಲ್ ಲೈಸೆನ್ಸ್ ಅನ್ನುವ ವ್ಯವಸ್ಥೆ ಇದೆ. ಅರ್ಜಿ ಹಾಕಬೇಕಿಲ್ಲ, ಜಮೀನಿನ ಮಾಲೀಕರು ಅಥವಾ ಅವರ ಒಪ್ಪಿಗೆ ಇರುವವರು ಷರತ್ತು ಪಾಲಿಸಿದರೆ ಸಾಕು. ಆದರೆ ಉದ್ದೇಶ ಪಟ್ಟಿಯಲ್ಲಿರಬೇಕು: ಬೇರೆ ಕಾಡುಹಕ್ಕಿಗಳ ಸಂರಕ್ಷಣೆ, ಜಾನುವಾರು ಬೆಳೆಗಳಿಗೆ ಆಗುವ ಗಂಭೀರ ಹಾನಿ, ಜನರ ಆರೋಗ್ಯ. ಮ್ಯಾಗ್‌ಪೈ ಕಂಡರೆ ಆಗುವುದಿಲ್ಲ ಅನ್ನುವುದು ಕಾರಣವಲ್ಲ. ಬೇಟೆಗೆ ಜಾಸ್ತಿ ಹಕ್ಕಿ ಬೇಕು ಅನ್ನುವುದೂ ಕಾರಣವಲ್ಲ. ಕೊಲ್ಲದೆ ಮಾಡಬಹುದಾದ ಉಪಾಯಗಳನ್ನು ಮೊದಲು ನೋಡಿರಬೇಕು.

2019ರಲ್ಲಿ ಈ ವ್ಯವಸ್ಥೆಯೇ ಕುಸಿದು ಬಿತ್ತು. ವನ್ಯಜೀವಿ ಪರ ಹೋರಾಟಗಾರರಾದ ಕ್ರಿಸ್ ಪ್ಯಾಕಮ್, ಮಾರ್ಕ್ ಏವರಿ, ರೂತ್ ಟಿಂಗೇ ಮೂವರೂ ಸೇರಿ ಕಟ್ಟಿದ ವೈಲ್ಡ್ ಜಸ್ಟಿಸ್ ಸಂಸ್ಥೆ ಇದನ್ನು ಕಾನೂನಿನ ಮೂಲಕ ಪ್ರಶ್ನಿಸಿತು. ಬೇರೆ ದಾರಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಾದದ್ದು ನ್ಯಾಚುರಲ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆ, ಅದನ್ನು ಕೊಲ್ಲುವವರ ತೀರ್ಮಾನಕ್ಕೇ ಬಿಟ್ಟಿದ್ದು ತಪ್ಪು ಅನ್ನುವುದು ವಾದ. ನ್ಯಾಚುರಲ್ ಇಂಗ್ಲೆಂಡ್ ಕೆಲವೇ ದಿನಗಳ ಸೂಚನೆ ಕೊಟ್ಟು ಏಪ್ರಿಲ್ 25ರಿಂದ ಮೂರು ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಅದು ಬೋನಿನ ಕಾಲ, ಕುರಿ ಮರಿ ಹಾಕುವ ಕಾಲವೂ ಹೌದು. ರೈತರು, ಕೀಪರ್‌ಗಳು ಸಿಟ್ಟಿಗೆದ್ದರು. ಪ್ಯಾಕಮ್ ಮನೆಯ ಗೇಟಿಗೆ ಯಾರೋ ಸತ್ತ ಕಾಗೆಗಳನ್ನು ನೇತುಹಾಕಿದರು. ಕೊನೆಗೆ ಸರಕಾರದ ಇಲಾಖೆಯೇ ಕೆಲಸ ಕೈಗೆತ್ತಿಕೊಂಡು ಜೂನ್‌ನಲ್ಲಿ ಹೊಸ ಲೈಸೆನ್ಸ್ ಹೊರಡಿಸಿತು. ಪ್ರಶ್ನೆ ಕೇಳಿದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಒಂದು ಜೀವ ತೆಗೆಯಲು ಅನುಮತಿ ಕೊಡುವವರು ಯಾಕೆ ಅಂತ ಹೇಳಬೇಕಾಗುತ್ತದೆ. ಆದರೆ ಲೈಸೆನ್ಸ್ ರದ್ದಾದ ಆ ವಾರಗಳಲ್ಲಿ ಟಿಟ್ಟಿಭ, ಪಾರ್ಟ್ರಿಜ್‌ಗಳನ್ನು ಉಳಿಸಲು ಪ್ರಾಮಾಣಿಕವಾಗಿ ದುಡಿಯುತ್ತಿದ್ದವರೂ ಕೈಕಟ್ಟಿ ಕೂರಬೇಕಾಯಿತು ಅನ್ನುವುದೂ ನಿಜ.

ಬ್ರಿಟನ್‌ನಲ್ಲಿ ಈಗ ಸಾಕಷ್ಟು ಕನ್ನಡಿಗರಿದ್ದಾರೆ, ವಾರಾಂತ್ಯಕ್ಕೆ ಹೊಲಗಳ ನಡುವಿನ ಕಾಲುದಾರಿಗಳಲ್ಲಿ ನಡೆಯುವವರೂ ಇದ್ದಾರೆ. ಹೀಗೆ ಹೋಗುವಾಗ ಬೋನಿನಲ್ಲಿ ಮ್ಯಾಗ್‌ಪೈ ಕಂಡರೆ ಬಾಗಿಲು ತೆಗೆಯಬೇಡಿ, ಬೋನು ಒಡೆಯಬೇಡಿ. ಅದು ಕಾನೂನುಬದ್ಧವಾಗಿರಬಹುದು, ಮುಟ್ಟಿದರೆ ನಿಮ್ಮ ಮೇಲೆಯೇ ಕೇಸ್ ಆಗಬಹುದು. ನೀರು, ಆಹಾರ, ಆಸರೆ, ಕೂರುವ ಕಡ್ಡಿ ಇವೆಯಾ ನೋಡಿ. ಸ್ಕಾಟ್ಲೆಂಡಿನಲ್ಲಾದರೆ ಬೋನಿನ ಮೇಲೆ ನೋಂದಣಿ ಸಂಖ್ಯೆ ಇರಬೇಕು. ನೀರಿಲ್ಲ, ಹಕ್ಕಿ ಸೊರಗಿದೆ, ಅಥವಾ ಒಳಗೆ ಗಿಡುಗವೊಂದು ಸಿಕ್ಕಿಬಿದ್ದಿದೆ ಅನಿಸಿದರೆ ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, 101ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ. ಕಾಡಿನಂಚಿನ ಬೋನಿನಲ್ಲಿ ಆಮಿಷವಾಗಿ ಪಾರಿವಾಳ ಇದ್ದರಂತೂ ತಡ ಮಾಡಬೇಡಿ. ಪಾರಿವಾಳ ಇಟ್ಟು ಹಿಡಿಯುವುದು ಗಾಸ್‌ಹಾಕ್‌ನಂಥ ರಕ್ಷಿತ ಬೇಟೆಹಕ್ಕಿಗಳನ್ನು. ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ ಒಬ್ಬ ಗೇಮ್‌ಕೀಪರ್ ಹೀಗೆ ಬೋನಿಟ್ಟು ಗಾಸ್‌ಹಾಕ್ ಕೊಂದದ್ದು ಅಲ್ಲಿ ಇಟ್ಟಿದ್ದ ಕ್ಯಾಮೆರಾದಲ್ಲಿ ದಾಖಲಾಗಿತ್ತು. 2015ರಲ್ಲಿ ಅವನಿಗೆ 4 ತಿಂಗಳ ಜೈಲಾಯಿತು.